ಇಲ್ಲದ ಗಾಡಿಗೆ ಆರು ಜನರ ನಕ್ಷೆ: ಕಾಲ್ಪನಿಕ ವಸ್ತುವನ್ನು ಗುಂಪಾಗಿ ವಿನ್ಯಾಸ ಮಾಡುವ ಬಗೆ

ಯಾರೂ ತಯಾರಿಸದ, ಅಂಗಡಿಗೆ ಬರದ ವಸ್ತುವೊಂದನ್ನು ನಾಲ್ಕಾರು ಜನ ಸೇರಿ ವಿನ್ಯಾಸ ಮಾಡುವುದು ಸುಮ್ನೆ ಕಾಲಹರಣ ಅಂತ ಕೆಲವರಿಗೆ ಅನಿಸಬಹುದು. ಆದರೂ ಎಂಜಿನಿಯರಿಂಗ್ ಕಾಲೇಜಿನ ಕ್ಲಬ್ಬುಗಳು, ಡಿಸೈನ್ ವಿದ್ಯಾರ್ಥಿಗಳು, ವಾರಾಂತ್ಯದಲ್ಲಿ ಏನಾದರೂ ಮಾಡೋಣ ಎನ್ನುವ ಗೆಳೆಯರು ಇದಕ್ಕೆ ಕೈ ಹಾಕುತ್ತಲೇ ಇರುತ್ತಾರೆ. ದುಡ್ಡಿನ ಹೊರೆ ಇಲ್ಲದೆ, ಒಟ್ಟಿಗೆ ಕೆಲಸ ಮಾಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಆದರೆ ಅರ್ಧಕ್ಕೇ ನಿಲ್ಲುವ ಪ್ರಾಜೆಕ್ಟುಗಳೇ ಜಾಸ್ತಿ. ನಿಜವಾದ ವಸ್ತುವಿಗೆ ‘ಆಗಲ್ಲ’ ಎನ್ನುವವರು ಬೇಕಾದಷ್ಟು ಜನ ಇರುತ್ತಾರೆ. ದುಡ್ಡು ಹಾಕುವವರು ಹೇಳುತ್ತಾರೆ, ವೆಲ್ಡಿಂಗ್ ಮಾಡುವವರು ಹೇಳುತ್ತಾರೆ, ಕೊನೆಗೆ ಗಿರಾಕಿ ಹೇಳುತ್ತಾರೆ. ಕಾಲ್ಪನಿಕ ವಸ್ತುವಿಗೆ ಅಡ್ಡ ಬರುವವರೇ ಇಲ್ಲ. ಹಾಗಾಗಿ ಅದಕ್ಕೆ ಸೋಲಾರ್ ಬರುತ್ತದೆ, ಆಪ್ ಬರುತ್ತದೆ, ರೆಕ್ಕೆ ಬರುವುದೊಂದು ಬಾಕಿ. ಆಮೇಲೆ ಎಲ್ಲರಿಗೂ ಬೇಜಾರಾಗಿ ಬಿಟ್ಟುಬಿಡುತ್ತಾರೆ. ಆ ‘ಆಗಲ್ಲ’ವನ್ನು ಬೇಕೆಂದೇ ಕರೆದು ತಂದು ಕೂರಿಸುವುದೇ ಇಂಥ ಪ್ರಾಜೆಕ್ಟಿನ ಮುಖ್ಯ ಕೆಲಸ. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ.

ಮೊದಲು ವಸ್ತು, ಊರು, ಮನುಷ್ಯ

ಕೈಯಲ್ಲಿ ಮುಟ್ಟಬಹುದಾದ ವಸ್ತುವನ್ನೇ ಆರಿಸಿ. ಅದನ್ನು ಬಳಸುವವರು ನಿಮಗೆ ನಡೆದು ಹೋಗುವ ದೂರದಲ್ಲಿ ಸಿಗಬೇಕು. ಆ ಬಗೆಯ ವಸ್ತು ಈಗಾಗಲೇ ಯಾವುದೋ ರೂಪದಲ್ಲಿ ಬಳಕೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಹೋಲಿಸಿ ನೋಡಲು ಏನಾದರೂ ಬೇಕಲ್ಲ. ಮನಸ್ಸು ಓದುವ ಕನ್ನಡಕ, ಹಾರುವ ಸ್ಕೂಟರ್ ಇವೆಲ್ಲ ಮೊದಲ ಸಂಜೆ ಮಜಾ ಕೊಡುತ್ತವೆ. ಎರಡನೇ ವಾರಕ್ಕೆ ಯಾವುದು ಸರಿ, ಯಾವುದು ತಪ್ಪು ಎಂದು ಹೇಳಲು ಯಾರ ಹತ್ತಿರವೂ ಆಧಾರ ಇರುವುದಿಲ್ಲ.

ಈ ಲೇಖನಕ್ಕೆ ನಾನು ಹೂ ಮಾರುವವರ ತಳ್ಳುಗಾಡಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಆರು ಜನ, ಎಂಟು ವಾರ, ವಾರಕ್ಕೆ ಒಂದು ಭೇಟಿ ಎಂದುಕೊಳ್ಳಿ.

ಪ್ರಾಜೆಕ್ಟು ಏನೆಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಬೀದಿ ವ್ಯಾಪಾರಿಗಳಿಗೆ ಸ್ಮಾರ್ಟ್ ಗಾಡಿ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಹೀಗೆ ಬರೆಯಿರಿ: ‘ಮೈಸೂರಿನಲ್ಲಿ ಒಬ್ಬರೇ ಹೂ ಮಾರುವ, ಐವತ್ತು ದಾಟಿದ ಹೆಂಗಸು ಬೆಳಗ್ಗೆ ತಂದ ಮಲ್ಲಿಗೆಯನ್ನು ರಾತ್ರಿ ಎಂಟರವರೆಗೆ ಬಾಡದಂತೆ ಇಟ್ಟುಕೊಳ್ಳಲು, ಇನ್ನೊಬ್ಬರ ಸಹಾಯವಿಲ್ಲದೆ ತಳ್ಳಲು ಆಗುವ ಗಾಡಿ.’ ಇದರಲ್ಲಿ ಊರಿದೆ, ವಯಸ್ಸಿದೆ, ಹೊತ್ತಿದೆ, ಹೂವಿನ ಹೆಸರಿದೆ. ಮುಂದೆ ಜಗಳ ಬಂದಾಗಲೆಲ್ಲ ಈ ವಾಕ್ಯವನ್ನು ಜೋರಾಗಿ ಓದಿ.

ಊರಿನ ಹೆಸರು ಯಾಕೆ ಬೇಕು ಅಂತೀರಾ? ಹೂವನ್ನು ತಂಪಾಗಿಡುವ ಹಳೆಯ ಉಪಾಯ ಒದ್ದೆ ಬಟ್ಟೆ, ಒದ್ದೆ ಗೋಣಿ. ನೀರು ಆರುವಾಗ ಶಾಖವನ್ನು ಹೀರುತ್ತದೆ, ಒಳಗೆ ತಂಪಾಗುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇದೇ ತತ್ವದ ಮೇಲೆ, ಎರಡು ಇಟ್ಟಿಗೆ ಗೋಡೆಗಳ ನಡುವೆ ಒದ್ದೆ ಮರಳು ತುಂಬಿ, ಕರೆಂಟೇ ಬೇಡದ ತಂಪು ಕೋಣೆಯನ್ನು ರೂಪಿಸಿತು. ರಾಯಚೂರಿನ ಒಣ ಬೇಸಿಗೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಮಂಗಳೂರಿನಲ್ಲಿ ಗಾಳಿಯೇ ನೀರು ಕುಡಿದು ಕೂತಿರುತ್ತದೆ, ಅಲ್ಲಿ ಅಷ್ಟೇನೂ ಉಪಯೋಗವಿಲ್ಲ. ಊರು ಬದಲಾದರೆ ಗಾಡಿಯೇ ಬದಲಾಗುತ್ತದೆ. ‘ಕರ್ನಾಟಕಕ್ಕೆಲ್ಲ ಒಂದೇ ಗಾಡಿ’ ಎಂದು ಹೊರಟರೆ ಯಾವ ಊರಿಗೂ ಆಗದ ಗಾಡಿ ಸಿಗುತ್ತದೆ.

ಒಂದೇ ಸುಳ್ಳಿಗೆ ಅವಕಾಶ

ವಸ್ತು ಕಾಲ್ಪನಿಕ ಎಂದ ಮೇಲೆ ಸ್ವಲ್ಪ ಕಲ್ಪನೆ ಬೇಡವೇ? ಬೇಕು. ಅದಕ್ಕೆ ನಾನು ಹೇಳುವ ನಿಯಮ ಇದು: ಇಡೀ ಪ್ರಾಜೆಕ್ಟಿನಲ್ಲಿ, ಇವತ್ತು ಇಲ್ಲದ ಒಂದೇ ಒಂದು ಸಂಗತಿಯನ್ನು ಇದೆ ಎಂದು ಊಹಿಸಬಹುದು. ಉಳಿದದ್ದೆಲ್ಲ ಇವತ್ತು ಅಂಗಡಿಯಲ್ಲಿ ಸಿಗುವಂಥದ್ದೇ ಆಗಿರಬೇಕು.

‘ತೆಂಗಿನಕಾಯಿ ಗಾತ್ರದ ಬ್ಯಾಟರಿ, ಸಣ್ಣ ಕೂಲಿಂಗ್ ಪೆಟ್ಟಿಗೆಯನ್ನು ಹನ್ನೆರಡು ತಾಸು ಓಡಿಸುತ್ತದೆ, ಬೆಲೆ ಐನೂರು ರೂಪಾಯಿ’ ಎಂದು ಊಹಿಸಿದಿರಿ ಎನ್ನಿ. ಸರಿ, ಸುಳ್ಳು ಒಪ್ಪಿಗೆಯಾಯಿತು. ಆದರೆ ಆ ಸುಳ್ಳಿನ ಹಿಂದೆ ಬರುವ ನಿಜಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ತಂಪು ಮಾಡುವ ಪೆಟ್ಟಿಗೆ ಹೊರಗೆ ಬಿಸಿಗಾಳಿ ಬಿಡುತ್ತದೆ. ಅದು ನಿಂತವರ ಕಾಲಿಗೆ ಹೊಡೆಯುತ್ತದೋ ಗಿರಾಕಿಯ ಮುಖಕ್ಕೋ? ರಾತ್ರಿ ಬ್ಯಾಟರಿ ಚಾರ್ಜ್ ಮಾಡಲು ಅವರ ಮನೆಯಲ್ಲಿ ಪ್ಲಗ್ ಪಾಯಿಂಟ್ ಎಲ್ಲಿದೆ? ಮಳೆಯಲ್ಲಿ ವೈರು ನೆನೆದರೆ? ಕಳ್ಳರು ಬ್ಯಾಟರಿ ಬಿಚ್ಚಿಕೊಂಡು ಹೋದರೆ? ಗುಂಪಿನ ಬುದ್ಧಿ ಹರಿತವಾಗುವುದು ಇಂಥ ಪ್ರಶ್ನೆಗಳಲ್ಲೇ. ಎರಡನೇ ಸುಳ್ಳು ತರಲು ಯಾರಾದರೂ ಬಂದರೆ, ಮೊದಲನೆಯದನ್ನು ಬಿಟ್ಟುಕೊಡಿ ಎನ್ನಿ. ಎಷ್ಟೋ ಸಲ ಆ ಬ್ಯಾಟರಿಯೇ ಬೇಡ, ಒದ್ದೆ ಗೋಣಿಯೇ ಸಾಕು ಎಂದು ಗುಂಪೇ ಹೇಳುತ್ತದೆ.

ಇದರ ಜೊತೆಗೆ ಕಟ್ಟುಪಾಡುಗಳ ಪಟ್ಟಿ ಮಾಡಿ. ಪ್ರತಿಯೊಂದನ್ನೂ ಅಳೆದು ನೋಡಲು ಬರುವಂತಿರಲಿ. ‘ಹಗುರವಾಗಿರಬೇಕು’ ಎಂದು ಬರೆಯಬೇಡಿ. ‘ಸರಕು ತುಂಬಿದಾಗ 90 ಕೆಜಿ ದಾಟಬಾರದು’ ಎಂದು ಬರೆಯಿರಿ. ‘ಬೇಗ ಜಾಗ ಖಾಲಿ ಮಾಡುವಂತಿರಬೇಕು’ ಎನ್ನುವ ಬದಲು ‘ಹರಡಿದ ಹೂವನ್ನೆಲ್ಲ ಸೇರಿಸಿ ಎರಡು ನಿಮಿಷದಲ್ಲಿ ಗಾಡಿ ಹೊರಡಬೇಕು’ ಎನ್ನಿ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರೆ ಇಷ್ಟು ಸಾವಿರದ ಒಳಗೆ ಎಂದು ಬೆಲೆಯನ್ನೂ ಬರೆಯಿರಿ. ಎಂಟು ಹತ್ತು ಸಾಲು ಸಾಕು.

ಕಾನೂನನ್ನೂ ಈ ಪಟ್ಟಿಗೆ ಸೇರಿಸಿ. ಬೀದಿ ವ್ಯಾಪಾರಿಗಳಿಗೆ ಅಂತಲೇ 2014ರ ಕೇಂದ್ರ ಕಾಯ್ದೆ ಇದೆ. ಅದರ ಪ್ರಕಾರ, ವ್ಯಾಪಾರದ ಜಾಗಗಳ ಬಗ್ಗೆ ಸಲಹೆ ಕೊಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಗಾಡಿ ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎನ್ನುವುದು ಗಾಡಿಯ ಅಗಲವನ್ನೇ ತೀರ್ಮಾನಿಸುತ್ತದೆ. ಆ ಸಮಿತಿಯ ಸದಸ್ಯರೊಬ್ಬರು ಮಾತಿಗೆ ಸಿಕ್ಕರೆ ನಿಮ್ಮ ಅದೃಷ್ಟ.

ಆರು ಜನ, ಒಂದು ಹಾಳೆ

ನಾಲ್ಕಕ್ಕಿಂತ ಕಡಿಮೆಯಾದರೆ ವಾದ ಹುಟ್ಟುವುದಿಲ್ಲ. ಏಳೆಂಟು ದಾಟಿದರೆ ಎಲ್ಲರಿಗೂ ಸರಿಹೋಗುವ ಹೊತ್ತೇ ಸಿಗುವುದಿಲ್ಲ. ಐದಾರು ಜನ ಸರಿ. ಎಲ್ಲರೂ ಡಿಸೈನ್ ಓದಿದವರೇ ಆಗಬೇಕಿಲ್ಲ, ಆಗಬಾರದು ಕೂಡ. ಕಬ್ಬಿಣದ ಕೆಲಸ ಗೊತ್ತಿರುವವರು ಒಬ್ಬರು, ಚಿತ್ರ ಬಿಡಿಸುವವರು ಒಬ್ಬರು, ಲೆಕ್ಕ ಇಡುವವರು ಒಬ್ಬರು ಇರಲಿ. ಸಂಕೋಚವಿಲ್ಲದೆ ಬೀದಿಯಲ್ಲಿ ಮಾತಿಗಿಳಿಯುವವರಂತೂ ಒಬ್ಬರು ಬೇಕೇ ಬೇಕು.

ಕೆಲಸ ಹಂಚುವಾಗ ಎರಡು ಪಾತ್ರಗಳನ್ನು ಮರೆಯಬೇಡಿ. ಒಂದು, ಬರೆದಿಡುವವರು. ಏನು ತೀರ್ಮಾನವಾಯಿತು, ಯಾಕಾಯಿತು ಎಂದು ಭೇಟಿ ಮುಗಿದ ದಿನವೇ ನಾಲ್ಕು ಸಾಲು ಬರೆಯಬೇಕು. ‘ಯಾಕೆ’ ಬರೆಯದಿದ್ದರೆ ಅದೇ ಚರ್ಚೆ ಮೂರು ವಾರ ಬಿಟ್ಟು ಮತ್ತೆ ಬರುತ್ತದೆ. ಇನ್ನೊಂದು, ‘ಆಗಲ್ಲ’ ಎನ್ನುವವರು. ಈ ಪಾತ್ರ ವಾರಕ್ಕೊಬ್ಬರಂತೆ ಸುತ್ತಬೇಕು. ಆ ವಾರ ಅವರ ಕೆಲಸವೇ ಕೊಂಕು ತೆಗೆಯುವುದು: ದುಡ್ಡೆಷ್ಟು, ಮುರಿದರೆ ರಿಪೇರಿ ಎಲ್ಲಿ, ಹಬ್ಬದ ದಿನ ಏನು ಗತಿ? ಒಬ್ಬರೇ ಸದಾ ಇದನ್ನು ಮಾಡಿದರೆ ಗುಂಪಿಗೆ ಅವರು ಶತ್ರುವಾಗುತ್ತಾರೆ. ಸರದಿ ಇದ್ದರೆ ಯಾರಿಗೂ ಬೇಸರವಿಲ್ಲ.

ಕೆಲಸ ಶುರುವಾಗುವ ಮೊದಲೇ ಒಂದು ಹಾಳೆಯ ಒಪ್ಪಂದ ಬರೆದುಕೊಳ್ಳಿ. ಯಾವ ದಿನ, ಎಷ್ಟು ಹೊತ್ತು, ಸಾಮಾನಿಗೆ ತಲೆಗೆಷ್ಟು ದುಡ್ಡು, ಎರಡು ವಾರ ಸತತವಾಗಿ ಬಾರದವರ ಕೆಲಸ ಯಾರಿಗೆ ಹೋಗುತ್ತದೆ, ಕೊನೆಗೆ ನಕ್ಷೆ ಯಾರದ್ದು. ಕೊನೆಯದನ್ನು ಹೇಳಲು ಎಲ್ಲರಿಗೂ ನಾಚಿಕೆ. ಆದರೆ ಭಾರತದ 2000ದ ವಿನ್ಯಾಸ ಕಾಯ್ದೆಯಲ್ಲಿ ಒಂದು ಮುಖ್ಯ ಸಂಗತಿ ಇದೆ. ಈಗಾಗಲೇ ಪ್ರಕಟವಾದ ವಿನ್ಯಾಸವನ್ನು ಹೊಸದು ಎಂದು ನೋಂದಾಯಿಸಲು ಬರುವುದಿಲ್ಲ. ಮುಂದೆ ಎಂದಾದರೂ ನೋಂದಾಯಿಸುವ ಆಸೆ ಇದ್ದರೆ ಇನ್‌ಸ್ಟಾಗ್ರಾಂನಲ್ಲಿ ಹಾಕುವ ಮೊದಲೇ ಯೋಚಿಸಬೇಕು. ನೋಂದಣಿಯ ಅವಧಿ 10 ವರ್ಷ, ಮತ್ತೆ 5 ವರ್ಷ ಮುಂದುವರಿಸಬಹುದು. ಅಂಥ ಆಸೆ ಇಲ್ಲದಿದ್ದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಡಿ. ಎರಡರಲ್ಲಿ ಯಾವುದಾದರೂ ಸರಿ, ಮೊದಲೇ ತೀರ್ಮಾನವಾಗಲಿ.

ಗುಂಪಿನಲ್ಲಿ ಒಬ್ಬರು ಹುಬ್ಬಳ್ಳಿಯಲ್ಲಿ, ಇನ್ನೊಬ್ಬರು ನ್ಯೂಜೆರ್ಸಿಯಲ್ಲಿ ಇದ್ದರೂ ಕೆಲಸ ನಡೆಯುತ್ತದೆ. ಶನಿವಾರ ರಾತ್ರಿ ಎಂಟಕ್ಕೆ ಇಲ್ಲಿ ಕೂತರೆ ಅಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ ಹತ್ತೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಆದರೆ ವಾಟ್ಸಾಪ್ ಗುಂಪನ್ನು ನಂಬಿ ತೀರ್ಮಾನ ಮಾಡಬೇಡಿ. ಅಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಅಳತೆ ಕಳೆದುಹೋಗುತ್ತದೆ. ಮಾತಿಗೆ ವಾಟ್ಸಾಪ್ ಇರಲಿ, ತೀರ್ಮಾನಕ್ಕೆ ಎಲ್ಲರೂ ತೆರೆಯಬಲ್ಲ ಒಂದೇ ಡಾಕ್ಯುಮೆಂಟು ಇರಲಿ.

ಹೂ ಕೊಳ್ಳದೆ ಪ್ರಶ್ನೆ ಕೇಳಬೇಡಿ

ಎರಡನೇ ವಾರ ಮನೆಯಿಂದ ಹೊರಗೆ ಹೋಗಲೇಬೇಕು. ವಸ್ತು ಕಾಲ್ಪನಿಕವಾದರೂ ಅದನ್ನು ಬಳಸುವವರು ನಿಜವಾದ ಮನುಷ್ಯರೇ ಆಗಿರಬೇಕು. ಕೂತಲ್ಲೇ ಒಂದು ಹೆಸರಿಟ್ಟು, ವಯಸ್ಸು ಕೊಟ್ಟು, ಹವ್ಯಾಸ ಬರೆದು ‘ನಮ್ಮ ಗ್ರಾಹಕಿ’ ಎಂದು ಗೋಡೆಗೆ ಅಂಟಿಸುವ ಪದ್ಧತಿ ಇದೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ. ಆ ಕಾಗದದ ಗ್ರಾಹಕಿ ನೀವು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾಳೆ.

ಇಬ್ಬಿಬ್ಬರಾಗಿ ಹೋಗಿ. ಆರೂ ಜನ ಹೋಗಿ ಸುತ್ತುವರಿದರೆ ಕಾರ್ಪೊರೇಷನ್‌ನವರು ಬಂದರು ಎಂದುಕೊಂಡಾರು. ಬೆಳಗ್ಗೆ ವ್ಯಾಪಾರದ ಹೊತ್ತು ಬೇಡ, ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಹೋಗಿ. ಮೊದಲು ಹೂ ಕೊಳ್ಳಿ, ಆಮೇಲೆ ಮಾತು. ತಾಸುಗಟ್ಟಲೆ ಕೂರಿಸಿಕೊಂಡು ಮಾತಾಡುವುದಾದರೆ ಅವರ ಹೊತ್ತಿಗೆ ದುಡ್ಡು ಕೊಡಿ, ಅದನ್ನು ಪ್ರಾಜೆಕ್ಟಿನ ಖರ್ಚಿಗೆ ಸೇರಿಸಿ. ಫೋಟೊ ತೆಗೆಯುವ ಮುಂಚೆ ಕೇಳಿ. ‘ಇದರಿಂದ ನಿಮಗೆ ಹೊಸ ಗಾಡಿ ಸಿಗುತ್ತದೆ’ ಎಂಬ ಆಸೆಯನ್ನಂತೂ ಹುಟ್ಟಿಸಬೇಡಿ. ‘ಅಕ್ಕ, ನಾವು ಕಲಿಯೋಕೆ ಅಂತ ಕಾಗದದ ಮೇಲೆ ಗಾಡಿ ಮಾಡ್ತಿದೀವಿ, ನಿಜವಾದ ಗಾಡಿ ಮಾಡ್ತಿಲ್ಲ’ ಎಂದು ಮೊದಲೇ ಹೇಳಿ.

‘ನಿಮಗೆ ಎಂಥ ಗಾಡಿ ಬೇಕು?’ ಎಂದು ಕೇಳಿದರೆ ‘ಏನೋ ಒಂದು, ನೆರಳಿದ್ರೆ ಸಾಕು’ ಎಂಬ ಉತ್ತರ ಬರುತ್ತದೆ. ನಡೆದದ್ದನ್ನು ಕೇಳಿ. ‘ನೆನ್ನೆ ಮಳೆ ಬಂತಲ್ಲ ಅಕ್ಕ, ಆಗ ಏನ್ ಮಾಡಿದ್ರಿ?’ ‘ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಷ್ಟೊಂದು ಹೂ ಎಲ್ಲಿಟ್ರಿ?’ ‘ಊಟಕ್ಕೆ ಹೋದಾಗ ಗಾಡಿ ಯಾರು ನೋಡ್ಕೋತಾರೆ?’ ‘ರಾತ್ರಿ ಎಲ್ಲಿ ನಿಲ್ಲಿಸ್ತೀರಿ?’ ಇಂಥ ಪ್ರಶ್ನೆಗೆ ಕಥೆ ಬರುತ್ತದೆ, ಕಥೆಯಲ್ಲಿ ಅಳತೆ ಇರುತ್ತದೆ.

ಕೇಳುವುದಕ್ಕಿಂತ ನೋಡುವುದು ಜಾಸ್ತಿ ಇರಲಿ. ಹೂ ಮಾರುವವರ ಅಳತೆ ಮೊಳ. ಮೊಣಕೈಯಿಂದ ಬೆರಳ ತುದಿಯವರೆಗೆ ಹಾರ ಚಾಚಬೇಕು. ಗಾಡಿಯ ಎರಡೂ ಪಕ್ಕ ಎತ್ತರದ ಗೋಡೆ ಕಟ್ಟಿದರೆ ಕೈ ಚಾಚಲು ಜಾಗವೇ ಇಲ್ಲ. ನಿಮ್ಮ ಚೆಂದದ ಗಾಜಿನ ಪೆಟ್ಟಿಗೆ ಅಲ್ಲಿಗೇ ಬಿದ್ದುಹೋಯಿತು. ಮಲ್ಲಿಗೆಯನ್ನು ಮೊಗ್ಗಾಗಿದ್ದಾಗಲೇ ಕಟ್ಟುತ್ತಾರೆ, ಅದು ಅರಳುವುದು ಸಂಜೆಗೆ. ಬಾಡದಂತೆ ಇಡುವುದರ ಜೊತೆಗೆ ಬೇಗ ಅರಳದಂತೆ ಇಡುವುದೂ ಗಾಡಿಯ ಕೆಲಸ. ಕಟ್ಟಿದ ಹೂವಿಗೆ ಒಂದು ಜಾಗ, ತೂಕಕ್ಕೆ ಮಾರುವ ಬಿಡಿ ಸೇವಂತಿಗೆಗೆ, ಚೆಂಡುಹೂವಿಗೆ ಇನ್ನೊಂದು. ತಕ್ಕಡಿ ಎಲ್ಲಿ? ಬಾಳೆಲೆ ಎಲ್ಲಿ? ಗಿರಾಕಿ ಇಲ್ಲದಾಗ ಕೂತು ಹೂ ಕಟ್ಟುತ್ತಾರೆ, ಹಾಗಾದರೆ ಮಡಿಲಿನ ಎತ್ತರದಲ್ಲಿ ತಟ್ಟೆ ಬೇಕು. ಯುಪಿಐ ಕ್ಯೂಆರ್ ಹಾಳೆ ನೀರು ಬಿದ್ದು ನೆನೆದಿರುತ್ತದೆ, ಹೂವಿಗೆ ದಿನವಿಡೀ ನೀರು ಚಿಮುಕಿಸುತ್ತಾರಲ್ಲ. ಇದನ್ನೆಲ್ಲ ಮನೆಯಲ್ಲಿ ಕೂತು ಊಹಿಸಲು ಆಗುವುದಿಲ್ಲ.

ಹೇಗೆ ನೋಡಬೇಕು ಎಂಬುದಕ್ಕೆ ಒಳ್ಳೆಯ ಮಾದರಿ 1958ರದ್ದು. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಆಗ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಶುರುವಾಗಿದ್ದು ಅದರ ಬೆನ್ನಲ್ಲೇ. ಆ ವರದಿಯಲ್ಲಿ ಅವರು ನಮ್ಮ ಮನೆಮನೆಯ ಚೊಂಬನ್ನು ಹಿಡಿದುಕೊಂಡು ಪ್ರಶ್ನೆಗಳ ಸರಮಾಲೆಯನ್ನೇ ಬರೆದರು. ಎಷ್ಟು ನೀರು ಹಿಡಿಯಬೇಕು, ಹೊರುವ ಕೈ ಎಷ್ಟು ದೊಡ್ಡದು, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ಮತ್ತು ಖಾಲಿ ಇದ್ದಾಗ ತೂಕ ಎಲ್ಲಿ ನಿಲ್ಲುತ್ತದೆ, ಬಿಸಿ ಇದ್ದರೆ ಹಿಡಿಯಬಹುದೇ, ಕಲ್ಲಿನ ಮೇಲಿಟ್ಟರೆ ಎಂಥ ಸದ್ದು ಬರುತ್ತದೆ, ಹಳೆಯದಾದ ಮೇಲೆ ಲೋಹಕ್ಕೆ ಎಷ್ಟು ಬೆಲೆ. ನಿಮ್ಮ ಗಾಡಿಗೂ ಇಂಥದ್ದೊಂದು ಪಟ್ಟಿ ಬರೆಯಿರಿ. ಗುಜರಿಗೆ ಹಾಕಿದರೆ ಎಷ್ಟು ಸಿಗುತ್ತದೆ ಎನ್ನುವವರೆಗೂ ಬರಲಿ.

ಮೊದಲು ಒಬ್ಬೊಬ್ಬರೇ, ಆಮೇಲೆ ಒಟ್ಟಿಗೆ

ಮೂರನೇ ವಾರ ಐಡಿಯಾಗಳದ್ದು. ಎಲ್ಲರೂ ಸುತ್ತ ಕೂತು ಬಾಯಿಗೆ ಬಂದದ್ದು ಹೇಳುವುದು ರೂಢಿ. ಆದರೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1958ರಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ನಾಲ್ವರು ಒಟ್ಟಿಗೆ ಕೂತು ಹೇಳಿದ್ದಕ್ಕಿಂತ, ನಾಲ್ವರು ಬೇರೆ ಬೇರೆ ಕೂತು ಬರೆದು ಆಮೇಲೆ ಸೇರಿಸಿದಾಗ ಐಡಿಯಾಗಳು ಜಾಸ್ತಿ ಬಂದವು. ಕಾರಣ ಊಹಿಸುವುದು ಕಷ್ಟವಲ್ಲ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ದೊಡ್ಡ ದನಿಯವರ ಮಾತೇ ನಡೆಯುತ್ತದೆ.

ಆರು ಜನರ ಗುಂಪಿಗೆ ಹೇಳಿ ಮಾಡಿಸಿದ ಉಪಾಯ 6-3-5. ಜರ್ಮನಿಯ ಬರ್ಂಡ್ ರೋರ್‌ಬಾಖ್ 1968ರಲ್ಲಿ ಹೇಳಿಕೊಟ್ಟದ್ದು. ಆರು ಜನ, ತಲಾ ಮೂರು ಐಡಿಯಾ, ಐದು ನಿಮಿಷ. ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸಬೇಕು. ಅವರು ಅದನ್ನು ಓದಿ, ಅದರ ಮೇಲೆ ಇನ್ನೂ ಮೂರು ಬರೆಯಬೇಕು. ಹಾಳೆ ಪೂರ್ತಿ ಸುತ್ತು ಬಂದಾಗ ಅರ್ಧ ತಾಸಿನಲ್ಲಿ 108 ಐಡಿಯಾ. ಮುಕ್ಕಾಲು ಪಾಲು ಕಸವೇ ಇರಬಹುದು, ಪರವಾಗಿಲ್ಲ. ಬರೆಯುವಾಗ ಮಾತಿಲ್ಲ. ಸೊಟ್ಟ ಚಿತ್ರ ಬಿಡಿಸಿದರೂ ನಡೆಯುತ್ತದೆ.

ಆರಿಸುವುದು ಮುಂದಿನ ವಾರಕ್ಕಿರಲಿ. ನಡುವೆ ಏಳು ದಿನ ಬಿಟ್ಟರೆ ನಮ್ಮ ಐಡಿಯಾದ ಮೇಲಿನ ಮೋಹ ಸ್ವಲ್ಪ ಇಳಿಯುತ್ತದೆ. ಓಟು ಹಾಕಬೇಡಿ, ಗೆಳೆತನಕ್ಕೆ ಓಟು ಬೀಳುತ್ತದೆ. ಗ್ಲಾಸ್ಗೋದ ಸ್ಟ್ರ್ಯಾಥ್‌ಕ್ಲೈಡ್ ವಿಶ್ವವಿದ್ಯಾಲಯದ ಸ್ಟುವರ್ಟ್ ಪ್ಯೂ ಹೇಳಿಕೊಟ್ಟ ಕೋಷ್ಟಕ ಬಳಸಿ. ಈಗ ಬೀದಿಯಲ್ಲಿರುವ ಮಾಮೂಲಿ ಗಾಡಿಯನ್ನು ಮೊದಲ ಕಾಲಂನಲ್ಲಿ ಇಡಿ. ನಿಮ್ಮ ನಾಲ್ಕೈದು ಐಡಿಯಾಗಳು ಪಕ್ಕದ ಕಾಲಂಗಳಲ್ಲಿ, ಕಟ್ಟುಪಾಡುಗಳು ಸಾಲುಗಳಲ್ಲಿ. ಪ್ರತಿ ಚೌಕದಲ್ಲೂ ಒಂದೇ ಪ್ರಶ್ನೆ: ಮಾಮೂಲಿ ಗಾಡಿಗಿಂತ ಮೇಲೋ, ಕೆಳಗೋ, ಅಷ್ಟೇನೋ? ಪ್ಲಸ್, ಮೈನಸ್, ಸೊನ್ನೆ ಹಾಕಿ. ಬೀದಿಯ ಗಾಡಿ ಎಷ್ಟು ಸಾಲುಗಳಲ್ಲಿ ಗೆಲ್ಲುತ್ತದೆ ಎಂದು ನೋಡಿದಾಗ ಎಲ್ಲರಿಗೂ ಸ್ವಲ್ಪ ಗರ್ವಭಂಗವಾಗುತ್ತದೆ. ಆಗಲಿ. ಬೆಲೆ, ರಿಪೇರಿ, ತೂಕ ಈ ಮೂರರಲ್ಲೂ ಅದನ್ನು ಸೋಲಿಸುವುದು ಬಹಳ ಕಷ್ಟ.

ರಟ್ಟು, ಅಕ್ಕಿ ಮೂಟೆ, ಹಳೆಯ ಪೇಪರ್

ಕಂಪ್ಯೂಟರ್ ಮುಂದೆ ಕೂರುವ ಮೊದಲು ರಟ್ಟಿನಲ್ಲಿ ಮಾಡಿ. 1980ರ ದಶಕದ ಮೊದಲ ವರ್ಷಗಳಲ್ಲಿ ಸ್ವೀಡನ್ನಿನಲ್ಲಿ ಪತ್ರಿಕೆಗಳ ಮುದ್ರಣ ಕೆಲಸಗಾರರು ಮತ್ತು ಸಂಶೋಧಕರು ಸೇರಿ ಯುಟೋಪಿಯಾ ಎಂಬ ಪ್ರಾಜೆಕ್ಟು ಮಾಡಿದರು. ಅವರಿಗೆ ಬೇಕಾಗಿದ್ದ ಯಂತ್ರಗಳು ಆಗ ಕೈಗೆ ಸಿಗುವಂತಿರಲಿಲ್ಲ. ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ‘ಡೆಸ್ಕ್‌ಟಾಪ್ ಲೇಸರ್ ಪ್ರಿಂಟರ್’ ಎಂದು ಬರೆದು, ಅದು ಇದೆ ಎಂದುಕೊಂಡೇ ಕೆಲಸ ಮಾಡಿ ನೋಡಿದರು. ಕೆಲಸಗಾರರಿಗೆ ಕಂಪ್ಯೂಟರ್ ಭಾಷೆ ಬರಬೇಕಾಗಿರಲಿಲ್ಲ. ಪೆಟ್ಟಿಗೆಯನ್ನು ಆ ಕಡೆಯಿಂದ ಈ ಕಡೆಗೆ ಎತ್ತಿಟ್ಟು ‘ಇಲ್ಲಿದ್ದರೆ ಸರಿ’ ಎನ್ನುವುದಷ್ಟೇ ಸಾಕಾಯಿತು. ಅಮೆರಿಕದ ಜೆಫ್ ಹಾಕಿನ್ಸ್ ಕೂಡ ಅಷ್ಟೆ. ಪಾಮ್ ಪೈಲಟ್ ಎಂಬ ಜೇಬಿನ ಕಂಪ್ಯೂಟರ್ ತಯಾರಾಗುವ ಮುಂಚೆ ಅದೇ ಅಳತೆಯ ಮರದ ತುಂಡನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು, ಯಾರಾದರೂ ಭೇಟಿಗೆ ಕರೆದರೆ ಅದನ್ನು ತೆಗೆದು ಬರೆದುಕೊಳ್ಳುವಂತೆ ನಟಿಸುತ್ತಿದ್ದರು.

ನೀವು ಎರಡು ಮಾದರಿ ಮಾಡಿ. ಮೊದಲನೆಯದು ಐದರಲ್ಲೊಂದು ಅಳತೆಯದು. 1800 ಮಿಲಿಮೀಟರ್ ಉದ್ದದ ಗಾಡಿ 360 ಆಗುತ್ತದೆ, ಮೇಜಿನ ಮೇಲೆ ಕೂರುತ್ತದೆ. ರಟ್ಟು, ಬಿದಿರು ಕಡ್ಡಿ, ಫೆವಿಕಾಲ್ ಸಾಕು. ಎರಡನೆಯದು ನಿಜ ಗಾತ್ರದ್ದು. ಫ್ರಿಜ್, ವಾಷಿಂಗ್ ಮೆಷಿನ್ ಮಾರುವ ಅಂಗಡಿಯಲ್ಲಿ ಕೇಳಿದರೆ ದೊಡ್ಡ ರಟ್ಟಿನ ಪೆಟ್ಟಿಗೆ ಕೊಡುತ್ತಾರೆ. ಅದೂ ಆಗದಿದ್ದರೆ ಹಳೆಯ ನ್ಯೂಸ್‌ಪೇಪರ್ ಅಂಟಿಸಿ ನೆಲದ ಮೇಲೆ ಗಾಡಿಯ ಅಗಲವನ್ನು ಹಾಸಿ, ಪಕ್ಕದಲ್ಲಿ ನಿಂತು ಕೈ ಚಾಚಿ ನೋಡಿ. ಆಚೆ ತುದಿಯ ಹೂ ಕೈಗೆ ಸಿಗುತ್ತದೆಯೇ?

ತೂಕವನ್ನು ರಟ್ಟು ಹೇಳುವುದಿಲ್ಲ. ಅದಕ್ಕೆ ಒಂದು ತಳ್ಳುಗಾಡಿಯನ್ನು ಅರ್ಧ ದಿನ ಬಾಡಿಗೆಗೆ ತನ್ನಿ. 25 ಕೆಜಿಯ ಅಕ್ಕಿ ಮೂಟೆಗಳನ್ನು ಹೇರಿ, ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣಗಿರುವವರು ತಳ್ಳಲಿ. ರಸ್ತೆಯ ಹಂಪಿನ ಮೇಲೆ ಹತ್ತಿಸಿ, ಇಳಿಜಾರಿನಲ್ಲಿ ನಿಲ್ಲಿಸಿ. ಬ್ರೇಕು ಬೇಕೋ ಬೇಡವೋ ಎಂಬ ಚರ್ಚೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಜಗಳ ಹುಟ್ಟುವುದು ಕೂಡುವ ಜಾಗದಲ್ಲಿ

ಈಗ ಕೆಲಸ ಹಂಚಿಕೆ. ಚಾವಣಿ ಒಬ್ಬರಿಗೆ, ಹೂವಿನ ತಟ್ಟೆ ಮತ್ತು ತಂಪು ಪೆಟ್ಟಿಗೆ ಒಬ್ಬರಿಗೆ, ಚೌಕಟ್ಟು ಮತ್ತು ಚಕ್ರ ಇನ್ನೊಬ್ಬರಿಗೆ. ಎಲ್ಲರೂ ತಮ್ಮ ಭಾಗವನ್ನು ಚೆನ್ನಾಗಿಯೇ ಮಾಡುತ್ತಾರೆ. ತೊಂದರೆ ಇರುವುದು ಒಬ್ಬರ ಭಾಗ ಇನ್ನೊಬ್ಬರದಕ್ಕೆ ಕೂಡುವ ಕಡೆ.

2006ರಲ್ಲಿ ಏರ್‌ಬಸ್ ಕಂಪನಿಯ ಎ380 ವಿಮಾನ ತಡವಾಗಿದ್ದು ಹೀಗೇ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮಾಡಿದ ವೈರಿನ ಕಟ್ಟುಗಳು ಫ್ರಾನ್ಸಿನ ತೂಲೂಸ್‌ಗೆ ಬಂದಾಗ ಸರಿಯಾಗಿ ಕೂರಲಿಲ್ಲ. ಎರಡು ಕಡೆಯವರೂ ಒಂದೇ ಡಿಸೈನ್ ಸಾಫ್ಟ್‌ವೇರಿನ ಬೇರೆ ಬೇರೆ ಆವೃತ್ತಿ ಬಳಸುತ್ತಿದ್ದರು. ನಾಸಾದ ಮಂಗಳ ನೌಕೆಯೊಂದು 1999ರಲ್ಲಿ ಕಳೆದುಹೋಗಿದ್ದು, ಒಂದು ತಂಡ ಪೌಂಡಿನ ಲೆಕ್ಕ ಕೊಟ್ಟು ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದುಕೊಂಡದ್ದಕ್ಕೆ. ಅಷ್ಟು ದೊಡ್ಡವರಿಗೇ ಹೀಗಾದರೆ ನಮ್ಮ ಕಥೆ ಹೇಳಬೇಕೆ?

ಹಾಗಾಗಿ ಪ್ರತಿ ಕೂಡುವ ಜಾಗಕ್ಕೂ ಅರ್ಧ ಪುಟ ಬರೆಯಿರಿ. ಚಾವಣಿಯ ಕಂಬ ಚೌಕಟ್ಟಿಗೆ ಎಲ್ಲಿ ಕೂರುತ್ತದೆ, ಪೈಪಿನ ಅಳತೆ ಎಷ್ಟು, ಬೋಲ್ಟು ಎಷ್ಟು, ಬಿಚ್ಚಬಹುದೋ ವೆಲ್ಡಿಂಗೋ. ತಟ್ಟೆಯಿಂದ ಸೋರುವ ನೀರು ಎಲ್ಲಿಗೆ ಹೋಗುತ್ತದೆ. ಎರಡೂ ಭಾಗದವರು ಓದಿ ಒಪ್ಪಿ ಹೆಸರು ಬರೆಯಬೇಕು. ಒಬ್ಬರೇ ಬದಲಾಯಿಸುವಂತಿಲ್ಲ. ತಮ್ಮ ಭಾಗದ ಒಳಗೆ ಏನು ಬೇಕಾದರೂ ಮಾಡಿಕೊಳ್ಳಲಿ, ಯಾರನ್ನೂ ಕೇಳಬೇಕಿಲ್ಲ.

ಎಲ್ಲ ಅಳತೆಯೂ ಮಿಲಿಮೀಟರಿನಲ್ಲಿ ಇರಲಿ. ವೆಲ್ಡಿಂಗ್ ಅಂಗಡಿಯವರು ಅಡಿ, ಇಂಚು, ‘ಎರಡು ಸೂತ’ (ಸೂತ ಎಂದರೆ ಇಂಚಿನ ಎಂಟನೇ ಒಂದು ಭಾಗ) ಎಂದು ಮಾತಾಡುತ್ತಾರೆ, ಅವರಿಗೆ ಕೊಡುವ ಹಾಳೆಯಲ್ಲಿ ಮಾತ್ರ ಅದನ್ನೂ ಪಕ್ಕದಲ್ಲಿ ಬರೆಯಿರಿ. ಸಾಫ್ಟ್‌ವೇರ್ ಎಲ್ಲರದ್ದೂ ಒಂದೇ ಇರಲಿ, ಆವೃತ್ತಿಯೂ ಒಂದೇ. ಫ್ರೀಕ್ಯಾಡ್, ಬ್ಲೆಂಡರ್, ಇಂಕ್‌ಸ್ಕೇಪ್ ಮೂರೂ ಉಚಿತವಾಗಿ ಸಿಗುತ್ತವೆ. ಫೈಲಿಗೆ ಹೆಸರಿಡುವಾಗ ಭಾಗ, ದಿನಾಂಕ, ಯಾರು ಮಾಡಿದ್ದು ಇಷ್ಟಿದ್ದರೆ ಸಾಕು. ‘ಫೈನಲ್’, ‘ಫೈನಲ್ ಹೊಸದು’, ‘ನಿಜವಾದ ಫೈನಲ್’ ಎಂಬ ಹೆಸರುಗಳು ಕಂಡರೆ ಆ ವಾರದ ಕಾಫಿ ಖರ್ಚು ಅವರದ್ದೇ ಎಂದು ದಂಡ ಹಾಕಿ.

ಬೆಲೆ ಕೇಳಿ ಬನ್ನಿ

ಏಳನೇ ವಾರ ಎರಡು ಕಡೆ ಹೋಗುವುದಿದೆ. ಮೊದಲು ಗಾಡಿ ಮಾಡುವ ವೆಲ್ಡಿಂಗ್ ಅಂಗಡಿ. ನಕ್ಷೆ ತೋರಿಸಿ, ‘ಮಾಡಿಸೋದು ಇನ್ನೂ ಗ್ಯಾರಂಟಿ ಇಲ್ಲಣ್ಣ, ಮಾಡಿದ್ರೆ ಎಷ್ಟಾಗುತ್ತೆ ಅಂತ ಹೇಳ್ತೀರಾ?’ ಎಂದು ನೇರವಾಗಿ ಕೇಳಿ. ಅವರು ಮೊದಲು ಬೆಲೆ ಹೇಳುವುದಿಲ್ಲ, ತಪ್ಪು ಹೇಳುತ್ತಾರೆ. ಈ ಮೂಲೆಗೆ ವೆಲ್ಡಿಂಗ್ ರಾಡು ಹೋಗುವುದಿಲ್ಲ, ಈ ಪೈಪು ಈ ಗಾತ್ರದಲ್ಲಿ ಸಿಗುವುದಿಲ್ಲ, ಇಷ್ಟು ತೆಳು ಶೀಟು ವೆಲ್ಡಿಂಗ್ ಮಾಡಿದರೆ ತೂತು ಬೀಳುತ್ತದೆ. ಎಲ್ಲವನ್ನೂ ಬರೆದುಕೊಳ್ಳಿ. ಅವರ ಹೊತ್ತಿಗೂ ದುಡ್ಡು ಕೊಡಿ.

ಆಮೇಲೆ ಎರಡನೇ ವಾರ ಭೇಟಿಯಾದ ಅದೇ ಹೂವಿನ ಅಕ್ಕನ ಹತ್ತಿರ ಮೇಜಿನ ಮಾದರಿ ತೆಗೆದುಕೊಂಡು ಹೋಗಿ. ವಿವರಿಸಬೇಡಿ. ಕೈಗೆ ಕೊಟ್ಟು ಸುಮ್ಮನಿರಿ. ರಟ್ಟನ್ನು ಬಗ್ಗಿಸಿದರೂ ಹರಿದರೂ ಬಿಡಿ, ಹರಿದ ಜಾಗ ಮುಖ್ಯ. ‘ಚೆನ್ನಾಗಿದೆ’ ಎಂದರೆ ಅದು ಮರ್ಯಾದೆಯ ಮಾತು, ಲೆಕ್ಕಕ್ಕೆ ಹಿಡಿಯಬೇಡಿ. ‘ಚೀಲ ಎಲ್ಲಿ ನೇತು ಹಾಕ್ಲಿ?’ ಎಂದು ಕೇಳಿದರೆ ಅದನ್ನು ಹಿಡಿದುಕೊಳ್ಳಿ. ಗಾಡಿಯನ್ನು ತಮ್ಮದೆಂದು ಊಹಿಸಿಕೊಂಡವರು ಮಾತ್ರ ಅಂಥ ಪ್ರಶ್ನೆ ಕೇಳುತ್ತಾರೆ.

ಮುಗಿಸುವುದು

ಕಾಲ್ಪನಿಕ ಪ್ರಾಜೆಕ್ಟಿಗೆ ಮುಗಿಯುವ ದಿನ ತಾನಾಗಿ ಬರುವುದಿಲ್ಲ. ಮೊದಲ ವಾರವೇ ‘ಮುಗಿಯಿತು’ ಎಂದರೆ ಏನು ಎಂದು ಬರೆದಿಡಿ. ನನ್ನ ಸಲಹೆ: ಗೋಡೆಗೆ ಅಂಟಿಸುವ ಒಂದು ದೊಡ್ಡ ಹಾಳೆ, ಒಂದು ಮೇಜಿನ ಮಾದರಿ, ಅಳತೆ ಸಮೇತ ನಕ್ಷೆ, ಒಂದು ಪುಟದ ಖರ್ಚಿನ ಲೆಕ್ಕ, ಮತ್ತು ‘ಬಿಟ್ಟಿದ್ದು ಯಾಕೆ’ ಎಂಬ ಪಟ್ಟಿ. ಬಿಟ್ಟ ಐಡಿಯಾಗಳ ಪಟ್ಟಿ ಉಳಿದೆಲ್ಲಕ್ಕಿಂತ ಹೆಚ್ಚು ಬೆಲೆಬಾಳುತ್ತದೆ. ಮುಂದೆ ಯಾರಾದರೂ ನಿಜವಾಗಿ ಗಾಡಿ ಮಾಡಲು ಹೊರಟರೆ ಮೊದಲು ಓದಬೇಕಾದದ್ದು ಅದನ್ನೇ.

ಎಂಟನೇ ವಾರದ ಕೊನೆಯ ಭೇಟಿಗೆ ಹೊರಗಿನ ಮೂರ್ನಾಲ್ಕು ಜನರನ್ನು ಕರೆಯಿರಿ. ಒಬ್ಬರಾದರೂ ಆ ಕೆಲಸದವರೇ ಇರಲಿ. ಗುಂಪು ಹತ್ತು ನಿಮಿಷ ಮಾತಾಡಲಿ, ಉಳಿದ ಹೊತ್ತು ಅವರದ್ದು. ಬಂದ ಟೀಕೆಗೆ ಅಲ್ಲೇ ಉತ್ತರ ಕೊಡಬಾರದು, ಬರೆದುಕೊಳ್ಳಬೇಕು ಅಷ್ಟೆ. ಇದೊಂದು ನಿಯಮ ಪಾಲಿಸುವುದು ಬಹಳ ಕಷ್ಟ, ಮಾಡಿ ನೋಡಿ.

ಫೈಲುಗಳನ್ನೆಲ್ಲ ಒಂದೇ ಫೋಲ್ಡರಿಗೆ ಹಾಕಿ, ಗುಂಪಿನ ಕನಿಷ್ಠ ಇಬ್ಬರ ಹತ್ತಿರ ಪ್ರತಿ ಇರಲಿ. ಆರೂ ಜನರ ಹೆಸರು, ಮಾತಾಡಿದ ವ್ಯಾಪಾರಿಗಳು ಒಪ್ಪಿದರೆ ಅವರ ಹೆಸರೂ ಹಾಳೆಯ ಮೇಲೆ ಬರಲಿ. ಚಿತ್ರ ಜಾಸ್ತಿ, ಮಾತು ಕಡಿಮೆ ಇರುವ ಕನ್ನಡದ ಒಂದು ಪ್ರತಿಯನ್ನು ಆ ಅಕ್ಕನಿಗೆ ಕೊಟ್ಟು ಬನ್ನಿ. ಲ್ಯಾಮಿನೇಷನ್ ಮಾಡಿಸಿ ಕೊಡಿ, ನೀರು ಬೀಳುತ್ತದಲ್ಲ.